ಹಡಗು ಕುಗ್ಗಿತು, ಗಾಳಿ ಕುಗ್ಗಲಿಲ್ಲ

ಜೂನ್ ತಿಂಗಳ ಎರಡನೇ ವಾರ. ಮಂಗಳೂರಿನಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮೇಜಿನ ಮೇಲಿನ ಹಡಗಿಗೆ ಹೊದಿಸಿದ್ದ ಬಟ್ಟೆ ತೆಗೆದು ನೋಡುತ್ತೇನೆ, ಮುಂದಿನ ಕೂವೆಮರದ ತುದಿ ಬಿಲ್ಲಿನಂತೆ ಬಾಗಿ ಹಿಂದಕ್ಕೆ ವಾಲಿದೆ. ಯಾರೂ ಮುಟ್ಟಿರಲಿಲ್ಲ. ಕೂವೆಮರ ಎಂದರೆ ಹಾಯಿ ಕಟ್ಟುವ ಕಂಬ. ನನ್ನ ಮಾದರಿಯಲ್ಲಿ ಅದರ ತುತ್ತತುದಿಯ ತುಂಡು ಊದುಬತ್ತಿಯ ಕಡ್ಡಿಯಷ್ಟೇ ದಪ್ಪ. ಅದನ್ನು ಬಾಗಿಸಿದ್ದು ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಒಣ ಹವೆಯಲ್ಲಿ, ನಾನೇ ಬಿಗಿಯಾಗಿ ಎಳೆದು ಕಟ್ಟಿದ್ದ ಹತ್ತಿಯ ನೂಲು.

ನೆನೆದ ನೂಲು ಸಡಿಲವಾಗಬೇಕಿತ್ತಲ್ಲ ಎಂದು ಮೊದಲು ಅನ್ನಿಸುತ್ತದೆ. ಆಗುವುದು ಅದಕ್ಕೆ ತದ್ವಿರುದ್ಧ. ಹೊಸೆದ ನೂಲಿನಲ್ಲಿ ಯಾವ ನಾರೂ ನೇರವಾಗಿರುವುದಿಲ್ಲ, ಸುರುಳಿ ಸುತ್ತಿಕೊಂಡಿರುತ್ತದೆ. ತೇವ ಹೀರಿದ ನಾರು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಒಂದೇ ಮೊಳ ಮಲ್ಲಿಗೆಯನ್ನು ತೆಳು ಜಡೆಗೂ ದಪ್ಪ ಜಡೆಗೂ ಅಷ್ಟಷ್ಟೇ ಸುತ್ತು ಸುತ್ತಿ ನೋಡಿ. ದಪ್ಪ ಜಡೆಯಲ್ಲಿ ಮಾಲೆಯೆಲ್ಲ ಸುತ್ತಿಗೇ ಖರ್ಚಾಗಿ ಜಡೆಯ ಕೆಳಗಿನವರೆಗೆ ಇಳಿಯುವುದಿಲ್ಲ. ನೂಲಿನಲ್ಲೂ ಹೀಗೆಯೇ: ಒಳಗೆ ಉಬ್ಬಿದ್ದರಿಂದ ಸುರುಳಿ ಹಿಗ್ಗಿ, ಒಟ್ಟು ಉದ್ದ ಗಿಡ್ಡವಾಗುತ್ತದೆ. ನೆನೆದ ಬಾವಿಹಗ್ಗದ ಗಂಟು ಬಿಚ್ಚುವಾಗ ಕೈಸೋಲುವುದಕ್ಕೂ ಈ ಉಬ್ಬುವಿಕೆಯೇ ಕಾರಣ.

ಆ ದಿನ ನನಗೆ ದುಃಖವಾಯಿತು, ನಿಜ. ಆದರೆ ಅಷ್ಟು ಕಾಲ ಬರೀ ಅಲಂಕಾರವೆಂದುಕೊಂಡು ಜೋಡಿಸಿದ್ದ ಒಂದು ಚಿಕ್ಕ ಮರದ ಬಿಲ್ಲೆ ಯಾತಕ್ಕೆ ಇದೆ ಎಂಬುದು ಆ ದಿನವೇ ತಿಳಿಯಿತು. ಅದರ ಹೆಸರು ಡೆಡ್‌ಐ. ಚಪ್ಪಟೆ ಬಿಲ್ಲೆ, ಮೂರು ತೂತು. ಎದುರಿನಿಂದ ನೋಡಿದರೆ ತಲೆಬುರುಡೆಯ ಮುಖದ ಹಾಗೆ ಕಾಣುತ್ತದೆ. ಕೂವೆಮರವನ್ನು ಎಡಬಲದಿಂದ ಹಿಡಿದು ನಿಲ್ಲಿಸುವ ದಪ್ಪ ಹಗ್ಗಗಳಿಗೆ ಶ್ರೌಡ್ ಎನ್ನುತ್ತಾರೆ. ಪ್ರತಿ ಶ್ರೌಡಿನ ಕೆಳತುದಿಗೆ ಒಂದು ಡೆಡ್‌ಐ, ಹಡಗಿನ ಪಕ್ಕಕ್ಕೆ ಇನ್ನೊಂದು. ಎರಡರ ತೂತುಗಳ ನಡುವೆ ತೆಳು ಹಗ್ಗವೊಂದು ಮೇಲೆ ಕೆಳಗೆ ಹೋಗಿ ಬಂದು ಆರು ಎಳೆಯಾಗುತ್ತದೆ. ಅದನ್ನು ಜಗ್ಗಿದರೆ ಶ್ರೌಡ್ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ರಾಟೆಯಂತೆ ಬಲ ಹೆಚ್ಚಿಸುವ ಉಪಾಯ ಇದು, ಆದರೆ ಉರುಳುವ ಗಾಲಿ ಇಲ್ಲ. ಗಾಲಿಯಿಲ್ಲದ್ದರಿಂದ ತಿಕ್ಕಾಟ ಹೆಚ್ಚು. ಆ ತಿಕ್ಕಾಟವೇ ಎಳೆದದ್ದನ್ನು ಜಾರದಂತೆ ಹಿಡಿದಿಡುತ್ತದೆ. ಸೆಣಬನ್ನು ಹೋಲುವ ಹೆಂಪ್ ನಾರಿನ ಹಗ್ಗಗಳು ಮಳೆಗೆ ಬಿಗಿದು ಬಿಸಿಲಿಗೆ ಸಡಿಲಗೊಳ್ಳುತ್ತಿದ್ದ ಕಾಲದಲ್ಲಿ ನಾವಿಕರು ಈ ಆರು ಎಳೆಗಳನ್ನು ಹವೆಗೆ ತಕ್ಕಂತೆ ಸರಿಪಡಿಸುತ್ತಲೇ ಇರಬೇಕಿತ್ತು. ನಾನು ನನ್ನ ಮಾದರಿಯಲ್ಲಿ ಆ ಎಳೆಗಳಿಗೆ ಅಂಟು ಸುರಿದು ಕಲ್ಲು ಮಾಡಿಬಿಟ್ಟಿದ್ದೆ. ಸಡಿಲಿಸಲು ದಾರಿಯೇ ಇರಲಿಲ್ಲ.

ಮಾದರಿ ಹಡಗು ಕಟ್ಟುವ ಹವ್ಯಾಸ ಹೀಗೆ ಪಾಠ ಹೇಳುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದನ್ನು ಕೈ ಒಂದೇ ಸಲಕ್ಕೆ ಕಲಿಯುತ್ತದೆ. ಹಡಗನ್ನು ಕುಗ್ಗಿಸಲು ಹೊರಟಾಗ ಏನೇನು ಕುಗ್ಗುತ್ತದೆ, ಏನು ಕುಗ್ಗುವುದಿಲ್ಲ ಎಂಬ ಲೆಕ್ಕ ಎದುರು ಬಂದು ನಿಲ್ಲುತ್ತದೆ. ಆ ಲೆಕ್ಕದಲ್ಲೇ ಹಾಯಿಹಡಗಿನ ವಿಜ್ಞಾನವೆಲ್ಲ ಅಡಗಿದೆ.

ನಾನು ಕಟ್ಟುತ್ತಿರುವುದು ವಿಕ್ಟರಿ. 1765ರ ಮೇ 7ರಂದು ಇಂಗ್ಲೆಂಡಿನ ಚಾಟಮ್‌ನಲ್ಲಿ ನೀರಿಗಿಳಿದ, 104 ತೋಪುಗಳ ಯುದ್ಧನೌಕೆ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಸೇನಾನಿ ನೆಲ್ಸನ್ ಸತ್ತದ್ದು ಇದರ ಮೇಲೆಯೇ. ಈಗ ಪೋರ್ಟ್ಸ್‌ಮತ್‌ನ ಒಣಗೋದಿಯಲ್ಲಿ, ಅಂದರೆ ನೀರು ಬತ್ತಿಸಿದ ಹಡಗುಕಟ್ಟೆಯಲ್ಲಿ, ಇದೆ. ಸುಮಾರು 6,000 ಮರಗಳನ್ನು, ಹೆಚ್ಚುಕಡಿಮೆ ಎಲ್ಲವೂ ಓಕ್, ಇದಕ್ಕಾಗಿ ಕಡಿದರು. ಸಜ್ಜಾದ ಹಡಗಿನ ಭಾರ 3,500 ಟನ್. ಅದರ ಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟುಹಾಕಿದರೆ 42 ಕಿಲೋಮೀಟರ್ ಆಗುತ್ತದೆ. ಆ ಹಗ್ಗಗಳು ಹಾದುಹೋಗುವ ರಾಟೆಗಳು ಏಳುನೂರಕ್ಕೂ ಹೆಚ್ಚು. ನನ್ನ ಕಿಟ್‌ನ ಅಳತೆ 98ರಲ್ಲಿ ಒಂದು. ಲೆಕ್ಕ ಸುಲಭವಾಗಲೆಂದು ನೂರರಲ್ಲಿ ಒಂದು ಎಂದುಕೊಳ್ಳೋಣ. ಆಗ 42 ಕಿಲೋಮೀಟರ್ ಹಗ್ಗ 420 ಮೀಟರ್ ನೂಲಾಗುತ್ತದೆ. ಅಷ್ಟು ನೂಲನ್ನು ಚಿಮಟ ಹಿಡಿದು ಒಂದೊಂದೇ ಗಂಟಾಗಿ ಕಟ್ಟಬೇಕು. ಬಿಡುವಿದ್ದಾಗ ಮಾತ್ರ ಕೂರುವವರಿಗೆ ಇದು ವರ್ಷಗಟ್ಟಲೆಯ ಕೆಲಸ.

ಕೆಲಸ ಒಡಲಿನಿಂದ ಶುರುವಾಗುತ್ತದೆ. ಕೀಲ್ ಎಂಬ ಬೆನ್ನುಮರ, ಅದಕ್ಕೆ ಅಡ್ಡಡ್ಡ ಪಕ್ಕೆಲುಬುಗಳು, ಪಕ್ಕೆಲುಬಿನ ಮೇಲೆ ಹಲಗೆ ಪಟ್ಟಿಗಳು. ಮೊದಲ ಸಲ ಕಟ್ಟುವವರೆಲ್ಲ ಎಡವುವುದು ಹಲಗೆ ಹೊದಿಸುವಾಗ. ಪಟ್ಟಿಗಳೆಲ್ಲ ಒಂದೇ ಅಗಲ, ನೇರ. ನಡುವಿನಲ್ಲಿ ಚೆನ್ನಾಗಿಯೇ ಕೂರುತ್ತವೆ. ಮೂತಿಯ ಹತ್ತಿರ ಬಂದರೆ ಒಂದರ ಮೇಲೊಂದು ಹತ್ತಲು ನೋಡುತ್ತವೆ, ಹಿಂಬದಿಯಲ್ಲಿ ಒಂದರಿಂದೊಂದು ದೂರ ಸರಿಯುತ್ತವೆ. ಕೈಯಲ್ಲಿ ತಪ್ಪಿಲ್ಲ. ಎರಡು ದಿಕ್ಕಿಗೂ ಬಾಗಿದ ಮೈಗೆ ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಹರಿಯದೆ, ಮಡಿಸದೆ ಹೊದಿಸಲು ಆಗುವುದಿಲ್ಲ. 1827ರಲ್ಲಿ ಗಣಿತಜ್ಞ ಗೌಸ್ ತೋರಿಸಿಕೊಟ್ಟ ಪ್ರಮೇಯದಿಂದಲೇ ಈ ಮಾತು ಹೊರಡುತ್ತದೆ. ಕರಾವಳಿಯ ಅಡುಗೆಮನೆಯಲ್ಲಿ ಹಲಸಿನ ಎಲೆಯ ಕೊಟ್ಟೆ ಕಟ್ಟುವವರಿಗೆ ಇದು ಗೊತ್ತಿರುವ ಸಂಗತಿ. ಚಪ್ಪಟೆ ಎಲೆ ಬಟ್ಟಲಾಗಬೇಕಾದರೆ ಎಲ್ಲೋ ಒಂದು ಕಡೆ ಎಲೆಯ ಮೇಲೆ ಎಲೆ ಮಡಿಸಿ ಕಡ್ಡಿ ಚುಚ್ಚಲೇಬೇಕು. ಹಡಗಿನ ಬಡಗಿ ಮಡಿಸುವ ಬದಲು ಪಟ್ಟಿಯನ್ನು ಕೆತ್ತಿ ತೆಳುಮಾಡುತ್ತಾನೆ: ಮೂತಿಯ ಕಡೆ ಕಿರಿದು, ನಡುವೆ ಅಗಲ. ಹಿಂದೆ ತೆರೆದ ಜಾಗಕ್ಕೆ ಬೆಣೆಯಂತಹ ಹೆಚ್ಚುವರಿ ತುಂಡು ಕೂರಿಸುತ್ತಾನೆ.

ಪಟ್ಟಿ ಬಾಗಲು ಬಿಸಿ ಬೇಕು. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತು, ತೇವ ಮತ್ತು ಕಾವು ಎರಡೂ ಸೇರಿದಾಗ ಮೆತ್ತಗಾಗುತ್ತದೆ. ಬಿಸಿನೀರಲ್ಲಿ ಕಾಲು ಗಂಟೆ ಮುಳುಗಿಸಿ, ಕಾದ ಕೊಳವೆಯ ಮೇಲೆ ನಿಧಾನವಾಗಿ ಒತ್ತಿದರೆ ಪಟ್ಟಿ ಹೇಳಿದ ಮಾತು ಕೇಳುತ್ತದೆ. ತಣ್ಣಗಾದ ಮೇಲೆ ಆ ಬಾಗು ಉಳಿಯುತ್ತದೆ. ಆತುರ ಮಾಡಿದರೆ ಟಕ್ ಎಂದು ಮುರಿಯುತ್ತದೆ.

ಯಾವ ಮರ ಬಳಸಬೇಕು ಎಂಬ ಪ್ರಶ್ನೆಗೆ ಬಹಳ ಜನ ಕೊಡುವ ಉತ್ತರ ತಪ್ಪು. ಓಕ್ ಹಡಗಿಗೆ ಓಕ್, ತೇಗದ ಹಡಗಿಗೆ ತೇಗ ಎನ್ನುತ್ತಾರೆ. ಓಕ್ ಮರದ ನೀರುನಾಳಗಳು ಕಾಲು ಮಿಲಿಮೀಟರಿನಷ್ಟು ಅಗಲ. ನೂರರ ಅಳತೆಯಲ್ಲಿ ಅದು ಎರಡೂವರೆ ಸೆಂಟಿಮೀಟರಿನ ಬಿರುಕಿನ ಹಾಗೆ ಕಾಣುತ್ತದೆ. ನಿಜವಾದ ಹಡಗಿನ ಹಲಗೆಯಲ್ಲಿ ಬೆರಳು ತೂರುವಂಥ ಸೀಳು ಇದ್ದರೆ ಅದು ತೇಲುತ್ತದೆಯೇ? ಮರವನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಅದರ ಜೀವಕೋಶ ಚಿಕ್ಕದಾಗುವುದಿಲ್ಲ. ಅದಕ್ಕೇ ಯುರೋಪಿನ ಕುಶಲಿಗಳು ಬಾಕ್ಸ್‌ವುಡ್, ಪೇರ್ ಮುಂತಾದ ನಯ ಎಳೆಯ ಮರಗಳನ್ನು ಬಳಸುತ್ತಾರೆ. ತೇಗದ ನಾಳಗಳೂ ದೊಡ್ಡವು. 1817ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಜಮ್‌ಶೆಟ್‌ಜೀ ಬೊಮನ್‌ಜೀ ವಾಡಿಯಾ ಅವರು ಕಟ್ಟಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಹಡಗು ಮಲಬಾರಿನ ತೇಗದ್ದು. ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆಯೇ ಇದೆ. ಅದರ ಮಾದರಿ ಕಟ್ಟುವುದಾದರೆ ನಾನು ತೇಗ ಮುಟ್ಟುವುದಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ ತರುತ್ತೇನೆ. ದಂತದಂತೆ ನಯವಾದ ಎಳೆ, ಚಾಕುವಿಗೆ ಬೆಣ್ಣೆಯಂತೆ ಒಗ್ಗುತ್ತದೆ. ತೇಗದ ಬಣ್ಣ ಬೇಕಾದರೆ ಆಮೇಲೆ ಹಚ್ಚಬಹುದು.

ಒಡಲು ಮುಗಿದ ಮೇಲೆ ರಿಗ್ಗಿಂಗ್, ಅಂದರೆ ಹಗ್ಗ ಕಟ್ಟುವ ಕೆಲಸ. ನನ್ನ ಮಟ್ಟಿಗೆ ಹವ್ಯಾಸದ ಜೀವ ಇರುವುದು ಇಲ್ಲಿ.

ಅಂಗಡಿಯ ನೂಲು ಹಗ್ಗದಂತೆ ಕಾಣುವುದಿಲ್ಲ. ಆದ್ದರಿಂದ ಹಗ್ಗವನ್ನು ನಾವೇ ಹೊಸೆಯಬೇಕು. ಹಳ್ಳಿಯಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ವಿಧಾನ ಹೊಸದಲ್ಲ. ಮೂರು ಕೊಕ್ಕೆಗೆ ಮೂರು ಎಳೆ ಸಿಕ್ಕಿಸಿ ಮೂರನ್ನೂ ಒಂದೇ ದಿಕ್ಕಿಗೆ ತಿರುಚುತ್ತೇವೆ. ಸಾಕಷ್ಟು ತಿರುಚಿದ ಮೇಲೆ ಮೂರರ ಇನ್ನೊಂದು ತುದಿಯನ್ನು ಒಟ್ಟಿಗೆ ಹಿಡಿದು ಬಿಟ್ಟರೆ, ಎಳೆಗಳು ಬಿಚ್ಚಿಕೊಳ್ಳಲು ಹವಣಿಸುತ್ತ ಒಂದನ್ನೊಂದು ಎದುರು ದಿಕ್ಕಿಗೆ ಸುತ್ತಿಕೊಳ್ಳುತ್ತವೆ. ಎಳೆಯ ತಿರುಚು ಬಿಚ್ಚಬೇಕಾದರೆ ಹಗ್ಗದ ತಿರುಚು ಬಿಗಿಯಬೇಕು, ಹಗ್ಗದ್ದು ಬಿಚ್ಚಬೇಕಾದರೆ ಎಳೆಯದ್ದು ಬಿಗಿಯಬೇಕು. ಎರಡು ಆಸೆಗಳೂ ಒಂದನ್ನೊಂದು ತಡೆದು ನಿಲ್ಲುತ್ತವೆ. ಹಗ್ಗಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಈ ತಡೆಯೇ ಅದನ್ನು ಹಗ್ಗವಾಗಿ ಇಟ್ಟಿದೆ. ಹೊಸೆದಾದ ಮೇಲೆ ಜೇನುಮೇಣದ ಉಂಡೆಯ ಮೇಲೆ ಎಳೆದರೆ ಜುಂಗು ಕೂರುತ್ತದೆ, ತೇವವೂ ಅಷ್ಟು ಬೇಗ ಒಳಹೋಗುವುದಿಲ್ಲ. ಕೂವೆಮರಗಳನ್ನು ಹಿಡಿದು ನಿಲ್ಲಿಸುವ, ಜಾಗ ಬಿಟ್ಟು ಕದಲದ ಹಗ್ಗಗಳಿಗೆ ಹಡಗಿನಲ್ಲಿ ಡಾಂಬರು ಬಳಿಯುತ್ತಿದ್ದರು, ಆದ್ದರಿಂದ ಅವು ಕಪ್ಪು. ಹಾಯಿಯನ್ನು ಏರಿಸಿ ಇಳಿಸಿ ತಿರುಗಿಸುವ, ರಾಟೆಯಲ್ಲಿ ಓಡಾಡುವ ಹಗ್ಗಗಳು ನಾರಿನ ಕಂದು ಬಣ್ಣದವು. ಇಷ್ಟು ತಿಳಿದರೆ ನೂರಾರು ಹಗ್ಗಗಳ ಆ ಗೋಜಲು ಅರ್ಧದಷ್ಟು ಬಿಡಿಸಿಕೊಳ್ಳುತ್ತದೆ.

ಶ್ರೌಡ್ ಕಟ್ಟುವುದಕ್ಕೂ ಕ್ರಮವಿದೆ. ಒಂದು ಹಗ್ಗವನ್ನು ನಡುವೆ ಮಡಿಸಿ ಕೂವೆಮರದ ತಲೆಗೆ ತೊಡಿಸಿದರೆ ಅದರ ಎರಡು ಕಾಲುಗಳೂ ಒಂದೇ ಪಕ್ಕಕ್ಕೆ ಇಳಿಯುತ್ತವೆ. ಮೊದಲ ಜೋಡಿ ಬಲಕ್ಕೆ, ಎರಡನೆಯದು ಎಡಕ್ಕೆ, ಮತ್ತೆ ಬಲಕ್ಕೆ. ಬಲದ್ದೆಲ್ಲ ಮುಗಿಸಿ ಎಡಕ್ಕೆ ಹೋಗೋಣ ಎಂದರೆ ಅಷ್ಟರಲ್ಲಿ ಮರ ಬಲಕ್ಕೆ ಬಾಗಿರುತ್ತದೆ. ಹಗ್ಗಕ್ಕೆ ಎಳೆಯುವುದೊಂದೇ ಗೊತ್ತು, ತಳ್ಳಲು ಬಾರದು. ಅದರಿಂದ ಒಂದು ಕಡೆಯ ಎಳೆತಕ್ಕೆ ಎದುರು ಎಳೆತವೇ ಉತ್ತರ. ಇಷ್ಟೆಲ್ಲ ಎಳೆತಗಳು ಸೇರಿ ಕೂವೆಮರವನ್ನು ಕೆಳಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸುತ್ತವೆ. ವಿಕ್ಟರಿಯ 62 ಮೀಟರ್ ಎತ್ತರದ ಕಂಬ ಗಾಳಿಗೆ ಬೀಳದೆ ನಿಂತದ್ದು ಹೀಗೆ.

ಆಮೇಲೆ ಬರುವುದು ರ್‍ಯಾಟ್‌ಲೈನ್, ಅಂದರೆ ನಾವಿಕರು ಹತ್ತುವ ಹಗ್ಗದ ಏಣಿಯ ಅಡ್ಡಮೆಟ್ಟಿಲು. ನಿಜದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಮುಕ್ಕಾಲು ಮೊಳ, ನನ್ನ ಮೇಜಿನ ಮೇಲೆ ಮೂರೂವರೆ ಮಿಲಿಮೀಟರ್. ಗೆರೆ ಹಾಕಿದ ಕಾಗದವನ್ನು ಶ್ರೌಡುಗಳ ಹಿಂದೆ ನಿಲ್ಲಿಸಿಕೊಳ್ಳುತ್ತೇನೆ. ನೂಲು ಮೊದಲ ಶ್ರೌಡಿನ ಮುಂದೆ ಹೋಗಿ, ಹಿಂದಿನಿಂದ ಸುತ್ತಿ, ತನ್ನನ್ನೇ ದಾಟಿ, ಇನ್ನೊಮ್ಮೆ ಸುತ್ತಿ, ತನ್ನ ಕೆಳಗೆ ನುಸುಳಿ ಹೊರಬರಬೇಕು. ಇದು ಕ್ಲೋವ್ ಹಿಚ್ ಗಂಟು. ಉಸಿರು ಹಿಡಿದು ಎರಡೂ ಕಡೆ ಎಳೆದರೆ ಸಣ್ಣ ಸಾಸಿವೆಯಷ್ಟು ಗಂಟು ಕೂರುತ್ತದೆ. ಆಮೇಲೆ ಪಕ್ಕದ ಶ್ರೌಡಿಗೆ ಅದೇ ಗಂಟು. ಕೂದಲೆಳೆಯಷ್ಟು ಹೆಚ್ಚು ಎಳೆದರೂ ಎರಡು ಶ್ರೌಡು ಹತ್ತಿರ ಬರುತ್ತವೆ. ಹತ್ತು ಸಾಲು ಮುಗಿಯುವಷ್ಟರಲ್ಲಿ ಏಣಿ ಡಮರುವಿನಂತೆ ನಡು ಕಿರಿದಾಗಿರುತ್ತದೆ. ನಾನು ಒಂದು ಇಡೀ ಪಕ್ಕವನ್ನು ಕತ್ತರಿಸಿ ಮತ್ತೆ ಕಟ್ಟಿದ್ದೇನೆ.

ಇಲ್ಲಿ ಇನ್ನೊಂದು ಕುಗ್ಗದ ಸಂಗತಿ ಎದುರಾಗುತ್ತದೆ. ಹಡಗಿನ ಸಡಿಲ ಹಗ್ಗ ತನ್ನ ಭಾರಕ್ಕೆ ತಾನೇ ಜೋತು ಚೆಂದದ ಕಮಾನಾಗುತ್ತದೆ. ಮಾದರಿಯ ನೂಲು ಜೋಲುವುದಿಲ್ಲ, ತಂತಿಯ ಹಾಗೆ ಸೆಟೆದು ನಿಲ್ಲುತ್ತದೆ. ಉದ್ದ, ದಪ್ಪ ಎರಡನ್ನೂ ನೂರರಲ್ಲೊಂದು ಮಾಡಿದರೆ ಸ್ವಂತ ಭಾರಕ್ಕೆ ಬಾಗುವ ಗುಣವೂ ನೂರರಲ್ಲೊಂದಕ್ಕೆ ಇಳಿಯುತ್ತದೆ. ಗಿಡ್ಡ ಹುಲ್ಲು ನೆಟ್ಟಗಿದ್ದು ಉದ್ದ ಹುಲ್ಲು ಬಾಗುವುದು ಇದರಿಂದಲೇ. ಆದ್ದರಿಂದ ನೂಲು ಜೋಲುವಂತೆ ಮಾಡಲು ಅಂಟನ್ನು ನೀರಲ್ಲಿ ತೆಳುಮಾಡಿ ಅದಕ್ಕೆ ಸವರಿ, ಚಿಕ್ಕ ಭಾರ ಜೋತುಹಾಕಿ ಒಣಗಿಸುತ್ತೇವೆ.

ರಜೆಗೆ ಬಂದಿದ್ದ ತಮ್ಮನ ಮಗಳು ಇದನ್ನೆಲ್ಲ ನೋಡುತ್ತ ಕೂತಿದ್ದವಳು ಕೇಳಿದಳು: “ದೊಡ್ಡಪ್ಪ, ಇದು ನೀರಲ್ಲಿ ತೇಲ್ತದಾ?”

ತೇಲುತ್ತದೆ, ಆದರೆ ನಿಲ್ಲುವುದಿಲ್ಲ. ಅವಳಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಉದ್ದ ನೂರರಲ್ಲೊಂದಾದರೆ ಗಾತ್ರ ಹತ್ತು ಲಕ್ಷದಲ್ಲೊಂದಾಗುತ್ತದೆ. 3,500 ಟನ್ನಿನ ವಿಕ್ಟರಿ ಮೂರೂವರೆ ಕಿಲೋ. ನೀರಿನ ಗೆರೆ ಸರಿಯಾದ ಜಾಗಕ್ಕೆ ಬರಬೇಕಾದರೆ ನನ್ನ ಮಾದರಿ ಅಷ್ಟೇ ತೂಗಬೇಕು. ಅದನ್ನು ಸೀಸದ ಗುಂಡು ತುಂಬಿ ಸರಿಮಾಡಬಹುದು. ಕಷ್ಟವಿರುವುದು ಗಾಳಿಯಲ್ಲಿ. ಹಾಯಿಯ ವಿಸ್ತಾರ ಹತ್ತು ಸಾವಿರದಲ್ಲೊಂದಾಯಿತು, ಗಾಳಿ ಒತ್ತುವ ಎತ್ತರ ನೂರರಲ್ಲೊಂದಾಯಿತು. ಎರಡನ್ನೂ ಗುಣಿಸಿದರೆ ಹಡಗನ್ನು ಮಗುಚುವ ಶಕ್ತಿ ಹತ್ತು ಲಕ್ಷದಲ್ಲೊಂದು. ಮಗುಚದಂತೆ ಎತ್ತಿ ನಿಲ್ಲಿಸುವುದು ಹಡಗಿನ ಭಾರ. ಭಾರ ಹತ್ತು ಲಕ್ಷದಲ್ಲೊಂದು, ಅದು ಕೆಲಸ ಮಾಡುವ ದೂರ ಮತ್ತೆ ನೂರರಲ್ಲೊಂದು. ಗುಣಿಸಿದರೆ ಹತ್ತು ಕೋಟಿಯಲ್ಲೊಂದು. ಅಂದರೆ ಬೀಳಿಸುವವನಿಗಿಂತ ಹಿಡಿಯುವವನು ನೂರು ಪಟ್ಟು ಸೊರಗಿದ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮಾದರಿಗೆ ಪ್ರತಿಯೊಂದು ಗಾಳಿಯೂ ಹತ್ತು ಪಟ್ಟು ವೇಗದ ಗಾಳಿಯಂತೆ ತಾಗುತ್ತದೆ. ಗಂಟೆಗೆ 12 ಕಿಲೋಮೀಟರ್ ವೇಗದ ಮಂದಮಾರುತ ಅದಕ್ಕೆ 120 ಕಿಲೋಮೀಟರಿನ ಚಂಡಮಾರುತ. ಕೆರೆಯಲ್ಲಿ ಮಾದರಿಗಳನ್ನು ಓಡಿಸುವವರು ಅದಕ್ಕೇ ನಿಜದ ಹಡಗಿನಲ್ಲಿಲ್ಲದ ಉದ್ದನೆಯ ಕೀಲೊಂದನ್ನು ಅಡಿಗೆ ಸಿಕ್ಕಿಸಿ, ಅದರ ತುದಿಗೆ ಸೀಸ ತೂಗುಹಾಕುತ್ತಾರೆ.

ನಿಜದ ಹಡಗು ಕಟ್ಟುವವರಿಗೂ ಈ ಲೆಕ್ಕ ಬಹುಕಾಲ ಗೊತ್ತಿರಲಿಲ್ಲ. 1628ರ ಆಗಸ್ಟ್ 10ರಂದು ಸ್ವೀಡನ್ನಿನ ವಾಸಾ ಎಂಬ 64 ತೋಪುಗಳ ಹೊಸ ಯುದ್ಧನೌಕೆ ಸ್ಟಾಕ್‌ಹೋಮ್ ಬಂದರಿನಿಂದ ಹೊರಟು, ಸುಮಾರು 1,300 ಮೀಟರ್ ಸಾಗಿ, ಒಂದು ಸಾಧಾರಣ ಗಾಳಿಗೆ ವಾಲಿ, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಹೊರಡುವ ಮೊದಲು ಮೂವತ್ತು ಜನರನ್ನು ಅಟ್ಟದ ಮೇಲೆ ಆಚೆಯಿಂದೀಚೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ಆಗಲೇ ಬೀಳುವಂತೆ ತೂಗಾಡಿದ್ದರಿಂದ ಓಟ ನಿಲ್ಲಿಸಿದ್ದರು. ಆದರೂ ಹೊರಟರು. ಹಡಗು ಎಷ್ಟು ವಾಲಿದರೆ ಎದ್ದು ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕುವ ಮಾರ್ಗವನ್ನು ಫ್ರಾನ್ಸಿನ ಪಿಯೆರ್ ಬೂಗೇ ಪ್ರಕಟಿಸಿದ್ದು 1746ರಲ್ಲಿ. ವಾಸಾ ಮುಳುಗಿ ಆಗಲೇ 118 ವರ್ಷ ಕಳೆದಿತ್ತು. 1961ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮ್‌ನ ಮ್ಯೂಸಿಯಮ್ಮಿನಲ್ಲಿದೆ. ಎದುರಿಗೇ ಹತ್ತರಲ್ಲೊಂದು ಅಳತೆಯ ಮಾದರಿ, ಎಲ್ಲ ಹಾಯಿ ಬಿಚ್ಚಿ ನಿಂತಿದೆ. ಎತ್ತರದ ಒಡಲಿನ ಮೇಲೆ ಅಷ್ಟೆಲ್ಲ ಕಂಬ, ಹಾಯಿ, ತೋಪುಗಳ ಭಾರ ಹೇಗೆ ಹೇರಿಕೊಂಡಿತ್ತೆಂಬುದು ಆ ಮಾದರಿಯಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ನೀರೂ ಕುಗ್ಗುವುದಿಲ್ಲ. ಆದರೆ ಅದರೊಡನೆ ಒಪ್ಪಂದ ಮಾಡಿಕೊಳ್ಳಬಹುದು ಎಂದು ಕಂಡುಕೊಂಡವನು ಎಂಜಿನಿಯರ್ ವಿಲಿಯಂ ಫ್ರೌಡ್. 1867ರಲ್ಲಿ ಇಂಗ್ಲೆಂಡಿನ ಡಾರ್ಟ್ ನದಿಯಲ್ಲಿ ಹಂಸ, ಕಾಡುಕಾಗೆ ಎಂಬ ಹೆಸರಿನ ಎರಡು ಆಕಾರದ ಮಾದರಿಗಳನ್ನು 3, 6, 12 ಅಡಿಗಳಲ್ಲಿ ಮಾಡಿ ಎಳೆಸಿ ನೋಡಿದ. ಎಬ್ಬಿಸುವ ಅಲೆಗಳ ವಿನ್ಯಾಸ ಒಂದೇ ಆಗಬೇಕಾದರೆ ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸಬೇಕು: ನೂರರಲ್ಲೊಂದು ಹಡಗು ಹತ್ತರಲ್ಲೊಂದು ವೇಗದಲ್ಲಿ ಸಾಗಬೇಕು. ಮೈಗೆ ನೀರು ಉಜ್ಜುವ ತಿಕ್ಕಾಟ ಮಾತ್ರ ಈ ನಿಯಮಕ್ಕೆ ಒಗ್ಗುವುದಿಲ್ಲ. ಅದನ್ನು ಚಪ್ಪಟೆ ಹಲಗೆಗಳನ್ನು ಎಳೆದು ಬೇರೆಯಾಗಿ ಅಳೆದ. 1872ರಲ್ಲಿ ಟಾರ್ಕೀಯಲ್ಲಿ ತನ್ನ ಮನೆಯ ಹತ್ತಿರವೇ ಉದ್ದನೆಯ ತೊಟ್ಟಿ ಕಟ್ಟಿಸಿ ಮೇಣದ ಮಾದರಿಗಳನ್ನು ಎಳೆಸಲು ಶುರುಮಾಡಿದ. ಇಂದಿಗೂ ದೊಡ್ಡ ಹಡಗುಗಳ ವಿನ್ಯಾಸ ಇಂಥ ತೊಟ್ಟಿಗಳನ್ನು ದಾಟಿ ಬರುತ್ತದೆ. ಹಳೆಯ ಸಿನಿಮಾಗಳಲ್ಲಿ ಮಾದರಿ ಹಡಗಿನ ಬಿರುಗಾಳಿ ದೃಶ್ಯವನ್ನು ವೇಗವಾಗಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುತ್ತಿದ್ದುದು ಇದೇ ವರ್ಗಮೂಲದ ನಿಯಮದಿಂದ.

ಮಾದರಿಯಿಂದ ಕಲಿಯುವುದು ಹಳೆಯ ಪದ್ಧತಿ. 1662ರಲ್ಲಿ ಇಂಗ್ಲೆಂಡಿನ ನೌಕಾ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್‌ಗೆ 29 ವರ್ಷ. ಹಡಗಿನ ಬಗ್ಗೆ ಏನೂ ತಿಳಿದಿರಲಿಲ್ಲ, ಮಗ್ಗಿಯೂ ಬರುತ್ತಿರಲಿಲ್ಲ. ಕೂಪರ್ ಎಂಬ ನಾವಿಕನನ್ನು ಗುರುವಾಗಿ ಇಟ್ಟುಕೊಂಡು, ಬೆಳಗಿನ ಜಾವ ಎದ್ದು ಮಗ್ಗಿ ಉರುಹೊಡೆದ. ಕಚೇರಿಯಲ್ಲಿದ್ದ ಮಾದರಿಯನ್ನು ಮುಂದಿಟ್ಟುಕೊಂಡು ಹಡಗಿನ ಅಂಗಾಂಗಗಳ ಹೆಸರು ಕಲಿತ. ಮುಂದೆ ಆ ನೌಕಾಪಡೆಯ ಆಡಳಿತವನ್ನೇ ತಿದ್ದಿದ. ಆ ಶತಮಾನದ ಅಧಿಕೃತ ಮಾದರಿಗಳು ಸಾಮಾನ್ಯವಾಗಿ 48ರಲ್ಲೊಂದು ಅಳತೆಯವು, ಅಡಿಗೆ ಕಾಲು ಇಂಚು. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬು ಕಾಣುವಂತೆ ಬಿಟ್ಟಿರುತ್ತಾರೆ.

ಇನ್ನೊಬ್ಬನ ಹೆಸರನ್ನು ನಾವು ಕರಾವಳಿಯವರು ಮರೆಯಬಾರದು. ಫ್ರೆಂಚ್ ನೌಕಾಧಿಕಾರಿ ಎಡ್ಮಂಡ್ ಪಾರಿಸ್. 19ನೇ ಶತಮಾನದ ಮೊದಲರ್ಧದಲ್ಲಿ ಮೂರು ಬಾರಿ ಭೂಮಿ ಸುತ್ತಿದಾಗ, ಇಳಿದ ಬಂದರುಗಳಲ್ಲೆಲ್ಲ ಅಲ್ಲಲ್ಲಿನ ದೋಣಿಗಳ ಅಳತೆ ತೆಗೆದು ನಕ್ಷೆ ಬರೆದ. ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿ ಎಂಬ ಹಾಯಿಹಡಗೂ ಅವುಗಳಲ್ಲಿದೆ. 1871ರಲ್ಲಿ ಪ್ಯಾರಿಸ್ಸಿನ ನೌಕಾ ಮ್ಯೂಸಿಯಮ್ಮಿನ ಮುಖ್ಯಸ್ಥನಾದ ಮೇಲೆ ಆ ನಕ್ಷೆಗಳಿಂದ ಮಾದರಿಗಳನ್ನು ಮಾಡಿಸಿದ. ಆ ದೋಣಿಗಳಲ್ಲಿ ಅನೇಕವು ಇಂದು ನೀರಿನ ಮೇಲಿಲ್ಲ, ಮಾದರಿಗಳು ಉಳಿದಿವೆ.

ಈ ಅಧ್ಯಾಯ ಓದಿ ಯಾರಿಗಾದರೂ ಕೈ ತುರಿಸಿದರೆ ವಿಕ್ಟರಿಯಿಂದ ಶುರುಮಾಡಬೇಡಿ. ಒಂದೇ ಕೂವೆಮರದ ದೋಣಿ ಸಾಕು. ಎಳೆತದ ಹಗ್ಗಗಳಿಗೆ ಅಂಟು ಹಾಕಬೇಡಿ, ಮಳೆಗಾಲಕ್ಕೆ ಸಡಿಲ ಬಿಡಿ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಇನ್ನೂ ಕಟ್ಟಿ ನಿಂತಿರುತ್ತವೆ. ಅವೀಗ ಎಂಜಿನ್ನಿನಲ್ಲಿ ಓಡುತ್ತವೆ, ಆದರೆ ಒಡಲಿನ ಬಾಗು ಬಡಗಿಯ ಕೈಯದ್ದೇ. ಮಳೆಗಾಲಕ್ಕೆ ಅವುಗಳ ಓಡಾಟ ನಿಲ್ಲುತ್ತದೆ. ಅದಕ್ಕೆ ಮೊದಲು ಒಂದು ಟೇಪು, ಒಂದು ನೋಟ್‌ಬುಕ್ ಹಿಡಿದು ಹೋಗಿ, ಮಂಜಿಯವರನ್ನು ಕೇಳಿ ಅಳತೆ ಬರೆದುಕೊಳ್ಳಿ.